ಬೆಟ್ಟಕ್ಕೊಂದು ಲಾಳಿ

ನಮ್ಮ ಮಾವನಿಗೆ ತಲೆ ಕೆಟ್ಟಿದೆ ಎಂದು ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕೆಡುವುದಕ್ಕೆ ಅದು ಸರಿಯಿದ್ದದ್ದು ಯಾವತ್ತು?

ಜೀವಮಾನವೆಲ್ಲ ಪವರ್‌ಲೂಮ್ ರಿಪೇರಿ ಮಾಡಿದ ಈ ಮಹಾಶಯರು ನನ್ನ ಅಮ್ಮನ ತಮ್ಮ. ಈಗ ನಮ್ಮ ಬೆಟ್ಟಕ್ಕೆ ಬಿಸಿಲಿನ ಕರೆಂಟಿನಲ್ಲಿ ಓಡುವ ಕೇಬಲ್ ಕಾರು ತರಿಸಲು ಪಣ ತೊಟ್ಟಿದ್ದಾರೆ! ಬೆಟ್ಟದ ಮೇಲಿನ ಹಳ್ಳಿ ಅತ್ತೆಯ ತವರು. ಬಸ್ಸು ಬುಡದಲ್ಲೇ ಇಳಿಸಿ ಹೋಗುತ್ತದೆ, ಆಮೇಲೆ ಬರೀ ಮೆಟ್ಟಿಲು. ಮೇಲಿರುವ ಅವರ ಅಕ್ಕನಿಗೂ ಮಂಡಿನೋವು, ಕೆಳಗಿರುವ ಅತ್ತೆಗೂ ಮಂಡಿನೋವು. ಅಕ್ಕ ಇಳಿಯಲಾರರು, ತಂಗಿ ಹತ್ತಲಾರರು. ಮುಖ ನೋಡಿ ಮೂರು ವರ್ಷವಾಯಿತು. ಹೊತ್ತುಕೊಂಡು ಹೋಗುತ್ತೇವೆಂದರೆ ಅತ್ತೆ, “ನಾನೇನು ಉತ್ಸವಮೂರ್ತೀನಾ?” ಎಂದು ಗದರುತ್ತಾರೆ. ಮಾವನೂ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಕೇಬಲ್ ಕಾರು ಯಾಕೆಂದು ಕೇಳಿದರೆ, “ಡೀಸೆಲ್ ಹೊಗೆಗೆ ಭೂಮಿ ಕಾದ್ಹೋಗಿದೆ ಕಣೋ!” ಎನ್ನುತ್ತಾರೆ.

ಅವರು ಬರೆದ ನಕ್ಷೆ ನೋಡಿದೆ. ಥೇಟ್ ಮಗ್ಗ! ಎರಡು ತುದಿಗೆ ಎರಡು ಪೆಟ್ಟಿಗೆ, ನಡುವೆ ಅತ್ತಿಂದಿತ್ತ ಓಡುವ ಲಾಳಿ.

“ಮಾವ, ಮಗ್ಗದಲ್ಲಿ ಲಾಳೀನ ಹೊಡೆದು ಕಳಿಸ್ತಾರಲ್ಲ. ಜನಾನೂ ಹೊಡೀತೀರಾ?”

“ಮೆಲ್ಲಗೆ ಹೊಡೆಯೋಣ ಬಿಡೋ!”

ಪ್ರಯೋಗ ನಡೆದದ್ದು ನಮ್ಮ ಮಾಳಿಗೆಯಿಂದ ಎದುರು ಮನೆಯ ಮಾಳಿಗೆಗೆ. ಮೊದಲ ಪ್ರಯಾಣಿಕ, ಒಂದು ಬೂದುಗುಂಬಳ. ಗತ್ತಿನಿಂದ ಹೊರಟಿತು. ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ಮೋಡ ಕವಿದು ಮೋಟರು ನಿಂತೇಹೋಯಿತು! ಬೀದಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ನೆತ್ತಿಯ ಮೇಲೆ ತೂಗುತ್ತಿದ್ದ ಕುಂಬಳಕಾಯಿ ನೋಡಿ ಕೈಮುಗಿದು, “ಯಾರಿಗಪ್ಪಾ ದೃಷ್ಟಿ ತೆಗೀತಿದ್ದೀರಾ?” ಎಂದರು.

“ನಮ್ಮನೆಯವರ ತಲೆಗೆ!” ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಇಷ್ಟಾದರೂ ಮಾವ ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಹೊರಟರು. ಅಲ್ಲಿ ಜಗಳ ಕಾಯ್ದಾರು ಎಂಬ ಭಯಕ್ಕೆ ಅತ್ತೆ ಜೊತೆಗೆ ಬಂದರು. ತಮಾಷೆ ನೋಡಲು ನಾನೂ ಹೋದೆ. ಅಧಿಕಾರಿ ಒಳ್ಳೆಯವರು, ಹೊಗೆಯ ಭಾಷಣವನ್ನೆಲ್ಲ ಕೇಳಿಸಿಕೊಂಡರು.

“ಸರಿ ಯಜಮಾನ್ರೇ. ದಿನಕ್ಕೆ ಎಷ್ಟು ಜನ ಓಡಾಡ್ತಾರೆ?”

ಮಾವ ಅತ್ತೆಯ ಕಡೆ ನೋಡಿದರು, ನೆಲ ನೋಡಿದರು.

“ಇಬ್ರು ಸಾರ್. ಅಕ್ಕ, ತಂಗಿ.”

“ದಿನಾನಾ?”

“ದಿನಾ ಏನಿಲ್ಲ. ಒಂದ್ಸಲ ಆದ್ರೂ ಸಾಕು.”

ಕಚೇರಿಗೆ ಕಚೇರಿಯೇ ನಕ್ಕಿತು. ಹಾಳಾದ ಅಭ್ಯಾಸ, ನಾನೂ ನಕ್ಕೆ. ಅತ್ತೆ ನಗಲಿಲ್ಲ. ಕುಂಟುತ್ತ ಮುಂದೆ ಹೋಗಿ, ಮಾವನ ಕೈಯಿಂದ ಅರ್ಜಿ ಕಿತ್ತುಕೊಂಡು, ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ನನ್ನ ಎತ್ತಿ ಬೆಳೆಸಿದ ಅಕ್ಕ ಸ್ವಾಮಿ. ಎಂಬತ್ತಾಯ್ತು ಅವಳಿಗೆ. ಸ್ವಲ್ಪ ಬೇಗ ಮಾಡ್ಕೊಡಿ.”