ಗುಂಡಿಯ ವಂಶೋದ್ಧಾರ

"ಈ ಗುಂಡಿಯ ವಂಶ ಇಲ್ಲಿಗೇ ನಿಂತುಹೋಗೋಕೆ ನಾನು ಬಿಡೋದಿಲ್ಲ!" ಎಂದು ಡ್ರೈವಿಂಗ್ ಮೇಷ್ಟ್ರು ಊಟದ ಮೇಜಿನಿಂದ ಎದ್ದು, ಸೌಟನ್ನು ಖಡ್ಗದಂತೆ ಮೇಲೆತ್ತಿ ಘೋಷಿಸಿದರು.

"ಕೂತ್ಕೊಂಡು ಘೋಷಿಸಿ. ನೆಲಕ್ಕೆಲ್ಲ ತೊಟ್ಟಿಕ್ತಿದೆ," ಎಂದರು ಹೆಂಡತಿ.

ಗುಂಡಿ ಎಂದರೆ ಅವರ ಸಾಕುನಾಯಿ. ಹೋದ ವರ್ಷ ಕಾರು ಕಲಿಯಲು ಬಂದವರೊಬ್ಬರು ಬದುಕಿನಲ್ಲಿ ಮೊದಲ ಸಲ ಸರಿಯಾದ ಹೊತ್ತಿಗೆ ಬ್ರೇಕ್ ಒತ್ತಿದ್ದರಿಂದ ಉಳಿದ ಜೀವ ಅದು. ರಸ್ತೆಯ ಗುಂಡಿಯೊಂದರಲ್ಲಿ ಎಲುಬು ಚಕ್ಕಳವಾಗಿ ಮಲಗಿತ್ತು. ಮೇಷ್ಟ್ರು ಎತ್ತಿಕೊಂಡು ಹೋಗಿ ಪ್ರಾಣಿಗಳ ಆಶ್ರಯಧಾಮಕ್ಕೆ ಸೇರಿಸಿದರು. ಚೇತರಿಸಿಕೊಂಡ ಮೇಲೆ ಮನೆಗೇ ಕರೆತಂದರು. ರೂಪದ ವಿಚಾರಕ್ಕೆ ಬಂದರೆ, ಗ್ಯಾರೇಜಿನಲ್ಲಿ ಮಿಕ್ಕ ಬಿಡಿಭಾಗಗಳನ್ನೆಲ್ಲ ಸೇರಿಸಿ ಬಿಗಿದಂತಿತ್ತು. ಲಾರಿಯ ತಲೆ, ಸ್ಕೂಟರಿನ ಕಾಲು, ನಡುವೆ ಬಸ್ಸಿನಷ್ಟು ಉದ್ದದ ಮೈ. ಒಂದು ಕಿವಿ ನೆಟ್ಟಗೆ, ಇನ್ನೊಂದು ಕಾಯಂ ರಜೆಯಲ್ಲಿ!

ಮೇಷ್ಟ್ರ ಕಣ್ಣಿಗೆ ಮಾತ್ರ ಅದು ಜಗತ್ತಿನ ಏಕೈಕ ಪ್ರತಿ. ಮರುಮುದ್ರಣ ಆಗಲೇಬೇಕು!

"ರೀ, ಮೈ ತುಂಬಿಕೊಂಡ ಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸ್ತೀವಿ ಅಂತ ಆಶ್ರಯಧಾಮದಲ್ಲಿ ಮಾತು ಕೊಟ್ಟು ಬಂದಿದ್ದೀವಿ."

"ನಿನ್ನ ಕೈಲಿ ಕತ್ತರಿ ಇದೆ ಅಂತ ಕಂಡಿದ್ದಕ್ಕೆಲ್ಲ ಕತ್ತರಿ ಹಾಕೋದಾ?" ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದರು.

"ಊರಲ್ಲಿರೋ ಗುಂಡಿಗಳು ಸಾಲದು ಅಂತ ಮನೇಲಿ ಬೇರೆ ಗುಂಡಿ ತೋಡ್ತೀರಾ? ಹುಟ್ಟೋ ಮರಿಗಳನ್ನ ಯಾರಿಗೆ ಕೊಡ್ತೀರಿ?"

"ಯಾರಿಗೆ ಅಂತೀಯಾ! ಸಾಲುಗಟ್ಟಿ ನಿಂತಿದ್ದಾರೆ ಕಣೇ!"

ಅದು ಸುಳ್ಳಲ್ಲ. ಡ್ರೈವಿಂಗ್ ಶಾಲೆಯ ಮಾಲೀಕರು "ನನಗೊಂದು ಇರಲಿ" ಎಂದಿದ್ದರು. ಗುಮಾಸ್ತೆ ಎರಡು ಕೇಳಿದ್ದಳು. ಕಾರು ಕಲಿಯುವವರೆಲ್ಲ ಮೇಷ್ಟ್ರನ್ನು ಮೆಚ್ಚಿಸಲು ತಮಗೂ ಒಂದು ಇರಲಿ ಎಂದಿದ್ದರು. ಗುಂಡಿಗೆ ಇನ್ನೂ ಗಂಡೇ ಗೊತ್ತಾಗಿರಲಿಲ್ಲ. ಮೇಷ್ಟ್ರು ಬಾಯಲ್ಲೇ ಒಂದು ಡಜನ್ ಹೆತ್ತು ಹಂಚಿಯಾಗಿತ್ತು!

ಗಂಡು ಹುಡುಕಲು ಅವರು ಹೋದದ್ದು ನೇರವಾಗಿ ಅದೇ ಆಶ್ರಯಧಾಮಕ್ಕೆ. ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ಗಂಬೂಟಿನಮ್ಮ ಎಂದೇ ಕರೆಯುತ್ತಿದ್ದರು. ಆಕೆ ಪೈಪು ಹಿಡಿದು ನೆಲ ತೊಳೆಯುತ್ತಲೇ ಮೇಷ್ಟ್ರ ಭಾಷಣವನ್ನು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನಿಮಗೆ ಮರಿಗಳು ಅಂದ್ರೆ ಪ್ರಾಣ?"

"ಪ್ರಾಣಕ್ಕಿಂತ ಹೆಚ್ಚು!"

"ಒಂದ್ನಿಮಿಷ ಇರಿ," ಎಂದು ಒಳಗೆ ಹೋದವರು ಒಂದು ರಟ್ಟಿನ ಪೆಟ್ಟಿಗೆ ತಂದು ಮೇಷ್ಟ್ರ ಕೈಗಿಟ್ಟರು. ಒಳಗೆ ಐದು ಮರಿಗಳು ಒಂದರ ಮೇಲೊಂದು ಕುಂಯ್‌ಗುಡುತ್ತಿದ್ದವು. "ಈಗಷ್ಟೇ ಕಣ್ಣು ಬಿಟ್ಟಿವೆ. ತಾಯಿ ಗಾಡಿಗೆ ಸಿಕ್ಕಿ ಹೋಯ್ತು. ನಮ್ಮಲ್ಲಿ ನೋಡ್ಕೊಳ್ಳೋಕೆ ಕೈಯಿಲ್ಲ. ತಾವೇ ನೆಕ್ಕಿ ಕುಡಿಯೋ ತನಕ ಇಟ್ಕೊಳ್ಳಿ. ನಿಮ್ಮಂಥೋರು ಸಿಗೋದು ಅಪರೂಪ!"

ಭಾಷಣ ಮಾಡಿದ ಬಾಯಲ್ಲೇ 'ಆಗೋದಿಲ್ಲ' ಎನ್ನುವುದು ಹೇಗೆ? ಮೇಷ್ಟ್ರು ಪೆಟ್ಟಿಗೆ ಹೊತ್ತು ಮನೆಗೆ ನಡೆದರು.

ಬಾಗಿಲು ತೆರೆದ ಹೆಂಡತಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. "ಗಂಡು ತರ್ತೀನಿ ಅಂತ ಹೋದೋರು ಮಕ್ಕಳನ್ನೇ ತಂದ್ರಾ? ಮದುವೆ, ಬಸಿರು ಎರಡನ್ನೂ ಒಂದೇ ಗೇರಲ್ಲಿ ದಾಟಿಬಿಟ್ರಲ್ಲ!"

"ಇದು ರಿಹರ್ಸಲ್ ಕಣೇ. ನೋಡ್ತಿರು, ಗುಂಡಿ ಹೇಗೆ ಎದೆಗವಚಿಕೊಳ್ತಾಳೆ ಅಂತ. ತಾಯ್ತನ ರಕ್ತದಲ್ಲೇ ಇರುತ್ತೆ!"

ಗುಂಡಿ ಬಂದಳು. ಪೆಟ್ಟಿಗೆ ಮೂಸಿದಳು. ಒಂದು ಮರಿ ತೆವಳಿಕೊಂಡು ಬಂದು ಆಕೆಯ ಮೂಗನ್ನೇ ಚೀಪತೊಡಗಿತು. ಗುಂಡಿ ಜೋರಾಗಿ ಸೀನಿ, ಮೇಷ್ಟ್ರ ಮುಖವನ್ನೊಮ್ಮೆ ದುರುಗುಟ್ಟಿ ನೋಡಿ, ನೆಟ್ಟಗೆ ಹೋಗಿ ಮೇಷ್ಟ್ರ ಹಾಸಿಗೆ ಹತ್ತಿ ಮಲಗಿಬಿಟ್ಟಳು. ಆಮೇಲೆ ಊಟಕ್ಕಲ್ಲದೆ ಕೆಳಗಿಳಿಯಲಿಲ್ಲ.

"ನಿಮ್ಮ ಮಕ್ಕಳು, ನೀವೇ ನೋಡ್ಕೊಳ್ಳಿ," ಎಂದ ಹೆಂಡತಿ ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡರು.

ಅಲ್ಲಿಗೆ ಮೇಷ್ಟ್ರು ತಾಯಿಯಾದರು! ಹಾಲಿನ ಪುಡಿ ಕಲಸಬೇಕು, ಬಾಟಲಿಯಲ್ಲಿ ಕುಡಿಸಬೇಕು. ಕುಡಿಸಿದರೆ ಮುಗಿಯಿತೇ? ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿದರೇ ಅವು ಉಚ್ಚೆ ಹೊಯ್ಯುವುದು. ಅದೂ ಸರಿಯಾಗಿ ಮೇಷ್ಟ್ರ ಅಂಗಿಯ ಮೇಲೆ! ಕೊನೆಯ ಮರಿಯನ್ನು ಒರೆಸಿ ಕೆಳಗಿಡುವಷ್ಟರಲ್ಲಿ ಮೊದಲನೆಯದು ಹಸಿದು ಬೊಬ್ಬೆ ಹಾಕುತ್ತಿತ್ತು. ಮೇಷ್ಟ್ರಿಗೆ ನಿದ್ದೆ ಎಂಬುದು ಹಿಂದಿನ ಜನ್ಮದ ನೆನಪಾಯಿತು.

ಬಾಕಿ ಇದ್ದ ನಿದ್ದೆ ಒಂದು ಬೆಳಿಗ್ಗೆ ಪಾಠದ ಕಾರಿನಲ್ಲೇ ಬಂದು ಅಪ್ಪಿಕೊಂಡಿತು. ಅಂದು ಸ್ಟೀರಿಂಗ್ ಹಿಡಿದಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಮೇಷ್ಟ್ರು ಹೇಳದೆ ಒಂದಿಂಚೂ ತಿರುಗಿಸದ ವಿಧೇಯ ವಿದ್ಯಾರ್ಥಿನಿ. ದೊಡ್ಡ ವೃತ್ತಕ್ಕೆ ಬಂದಾಗ, "ಮೇಷ್ಟ್ರೇ, ಯಾವ ಕಡೆ ಹೋಗ್ಲಿ?" ಎಂದರು. ಮೇಷ್ಟ್ರು "ಗೊರ್ರ್" ಎಂದರು. ಆಕೆ ಪಾಪ, ವೃತ್ತವನ್ನೇ ಸುತ್ತತೊಡಗಿದರು. ಸುತ್ತಿದರು, ಸುತ್ತಿದರು, ಹಿಂದಿನ ಗಾಡಿಗಳಿಗೆಲ್ಲ ತಲೆ ಸುತ್ತುವಷ್ಟು ಸುತ್ತಿದರು! ಕೊನೆಗೆ ಟ್ರಾಫಿಕ್ ಪೊಲೀಸಪ್ಪ ಸೀಟಿ ಊದಿ ಅಡ್ಡ ನಿಂತರು.

"ಲೈಸೆನ್ಸ್ ತೆಗೀರಿ!"

ಬೆಚ್ಚಿ ಎದ್ದ ಮೇಷ್ಟ್ರು ಜೇಬಿಗೆ ಕೈಹಾಕಿ, ಕೈಗೆ ಸಿಕ್ಕಿದ್ದನ್ನು ಗೌರವದಿಂದ ಮುಂದೆ ಹಿಡಿದರು.

"ಓಹೋ! ಬೆಳಿಗ್ಗೆ ಬೆಳಿಗ್ಗೇನೇ ಬಾಟಲಿ!"

"ಹಾಲು ಸಾರ್!"

"ಸಿಕ್ಕಿಬಿದ್ದೋರೆಲ್ಲ ಹಾಗೇ ಹೇಳೋದು. ಎಲ್ಲಿ, ಕುಡಿದು ತೋರಿಸಿ!"

ನೂರಾರು ಕಲಿಕೆದಾರರನ್ನು ದಡ ಮುಟ್ಟಿಸಿದ ಮೇಷ್ಟ್ರು ಸಮವಸ್ತ್ರದಲ್ಲಿ, ವೃತ್ತದ ನಟ್ಟನಡುವೆ, ಕಣ್ಣುಮುಚ್ಚಿಕೊಂಡು ನಿಪ್ಪಲ್ ಚೀಪಿದರು. ನಿಂತ ಬಸ್ಸಿನಿಂದ ಚಪ್ಪಾಳೆಯೂ ಬಂತು.

ಸುದ್ದಿ ಅವರಿಗಿಂತ ಮೊದಲೇ ಡ್ರೈವಿಂಗ್ ಶಾಲೆ ಮುಟ್ಟಿತ್ತು. ಮೇಷ್ಟ್ರು ಸೀದಾ ಮಾಲೀಕರ ಮುಂದೆ ನಿಂತರು. "ಸಾರ್, ಒಂದು ಮರಿ ಕೇಳಿದ್ರಲ್ಲ. ಐದಿವೆ. ಆರಿಸ್ಕೊಳ್ಳಿ."

"ಅಯ್ಯೋ ಮೇಷ್ಟ್ರೇ, ಮನೇಲಿ ಹೊಸ ಸೋಫಾ ತಗೊಂಡಿದ್ದೀವಿ!"

ಗುಮಾಸ್ತೆಗೆ ಆ ಕ್ಷಣದಲ್ಲೇ ನಾಯಿಕೂದಲಿನ ಅಲರ್ಜಿ ಶುರುವಾಯಿತು. ಉಳಿದವರು "ಮುಂದೆ ನೋಡೋಣ" ಎಂದರು. ಮುಂದೆ ಮೇಷ್ಟ್ರನ್ನು ಕಂಡಾಗಲೆಲ್ಲ ಬೇರೆ ಕಡೆ ನೋಡಿದರು. ಕೊನೆಗೆ ಒಂದನ್ನು ಒಪ್ಪಿಕೊಂಡದ್ದು ಆ ಹಲ್ಲಿನ ಡಾಕ್ಟರಮ್ಮ ಮಾತ್ರ.

ಆ ಸಂಜೆ ಮೇಷ್ಟ್ರು ಮರಿಗಳ ಪೆಟ್ಟಿಗೆಯ ಪಕ್ಕ ನೆಲಕ್ಕೆ ಕುಸಿದು ಕುಳಿತರು. ಹುಟ್ಟಿರುವ ಇವಕ್ಕೇ ಮನೆಯಿಲ್ಲ. ಹುಟ್ಟದವನ್ನು ತಾನು ಊರಿಗೆಲ್ಲ ಹಂಚಿದ್ದೆನಲ್ಲ! ಹೊಲಿಗೆ ಕೋಣೆಯ ಬಾಗಿಲು ತೆರೆಯಿತು. ಹೆಂಡತಿ ಚಿಂದಿ ಬಟ್ಟೆ ಸೇರಿಸಿ ಹೊಲಿದ ಪುಟ್ಟ ಕೌದಿಯೊಂದನ್ನು ತಂದು ಮರಿಗಳ ಕೆಳಗೆ ಹಾಸಿದರು. ಒಂದು ಬಾಟಲಿಯನ್ನೂ ಕೈಗೆತ್ತಿಕೊಂಡರು.

"ಗುಂಡಿಯ ಆಪರೇಷನ್‌ಗೆ ದಿನ ಗೊತ್ತು ಮಾಡೇ," ಎಂದರು ಮೇಷ್ಟ್ರು, ಸೌಟಿಲ್ಲದೆ, ಮೆಲ್ಲಗೆ.

ಮರಿಗಳು ತಟ್ಟೆಯಿಂದ ನೆಕ್ಕಿ ಕುಡಿಯಲು ಕಲಿತವು. ಡಾಕ್ಟರಮ್ಮ ತಮ್ಮದನ್ನು ಒಯ್ದರು. ಮಿಕ್ಕವಕ್ಕೆ ಗಂಬೂಟಿನಮ್ಮ ಒಳ್ಳೆಯ ಮನೆಗಳನ್ನು ಹುಡುಕಿ ಕರೆದೊಯ್ದರು. ಕಳಿಸಿಕೊಡುವಾಗ ಮೇಷ್ಟ್ರು ಗಳಗಳನೆ ಅತ್ತದ್ದನ್ನು ಗುಂಡಿ ಹಾಸಿಗೆಯ ಮೇಲಿಂದಲೇ ಆಕಳಿಸುತ್ತ ನೋಡಿದಳು.

ಮರುದಿನವೇ ಗಂಡ, ಹೆಂಡತಿ, ಗುಂಡಿ ಮೂವರೂ ಪಶು ವೈದ್ಯರ ಮುಂದಿದ್ದರು. ಗುಂಡಿ ಮೈತುಂಬಿ ಮಿರಮಿರ ಮಿಂಚುತ್ತಿದ್ದಳು. ಮೇಷ್ಟ್ರ ಕಣ್ಣು ಗುಳಿ ಬಿದ್ದಿತ್ತು, ಕೂದಲು ಕೆದರಿತ್ತು, ಅಂಗಿಯ ಮೇಲೆ ಹಾಲಿನ ಕಲೆ, ಕಿವಿಯ ಮೇಲೊಂದು ತುಣುಕು ಹತ್ತಿ.

ವೈದ್ಯರು ಗುಂಡಿಯ ಹೊಟ್ಟೆ ಮುಟ್ಟಿ ನೋಡಿ ಕೇಳಿದರು: "ಇತ್ತೀಚೆಗೆ ಏನಾದ್ರೂ ಹೆರಿಗೆ ಆಗಿದೆಯಾ?"

"ಇವಳಿಗಿಲ್ಲ ಡಾಕ್ಟ್ರೇ," ಎಂದ ಹೆಂಡತಿ ಗಂಡನತ್ತ ಕೈ ತೋರಿಸಿದರು, "ಇವರಿಗಾಗಿದೆ. ಇನ್ನೂ ಹಸಿ ಬಾಣಂತಿ, ಮೊದಲು ಇವರನ್ನ ನೋಡಿಬಿಡಿ!"