ದೇವರ ಫೋಟೋದ ಹಿಂದಿನ ಗೋಡೆ

ತನ್ನ ಕೈಯಲ್ಲಿ ಮಾರಾಟವಾಗದಂಥ ಮನೆಯನ್ನು ಪುಣೆಯಲ್ಲಿ ಇನ್ನೂ ಯಾರೂ ಕಟ್ಟಿಲ್ಲ ಎಂದು ಏಜೆಂಟ್ ಋಷಿಕೇಶ ಎದೆ ತಟ್ಟಿ ಹೇಳುತ್ತಿದ್ದ. ಬಾಗಿಲು ಕಿರುಗುಟ್ಟಿದರೆ "ಕಳ್ಳರ ಭಯ ಇಲ್ಲರಿ", ನಲ್ಲಿ ಸೋರಿದರೆ "ಇಲ್ಲಿ ನೀರಿಗೆ ಬರ ಇಲ್ಲರಿ" ಎನ್ನುವ ಪುಣ್ಯಾತ್ಮ! ಅಂಥವನಿಗೆ ಈಗ ತನ್ನದೇ ಫ್ಲ್ಯಾಟು ಮಾರುವ ಸರದಿ ಬಂದಿತ್ತು. ಮೊಣಕಾಲು ನೋವಿನ ತಾಯಿ ಗಂಗೂಬಾಯಿ ಲಿಫ್ಟಿಲ್ಲದ ಮೂರನೆಯ ಮಹಡಿಯಿಂದ ಇಳಿಯದೆ ವರ್ಷವಾಗಿತ್ತು. ನೆಲಮಹಡಿಯ ಮನೆಯೊಂದು ಸಿಕ್ಕಿತ್ತು. ಇದು ಮಾರಾಟವಾದರೆ ಅದು. ಅದರ ಮಾಲೀಕ ಭಾನುವಾರದವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ.

ಅಡ್ಡ ನಿಂತದ್ದು ಹಾಲ್‌ನ ಗೋಡೆ. ಮೇಲಿನ ಮನೆಯ ಬಚ್ಚಲ ಪೈಪು ಸೋರಿ ಅದು ಹಸಿ ಹಿಡಿದಿತ್ತು.

"ಬಂದವರಿಗೆ ಇದ್ದದ್ದು ಹೇಳಿಬಿಡ್ರಿ," ಎಂದಳು ಹೆಂಡತಿ ಮಂಜರಿ. "ಮ್ಯಾಲಿನವರು ಪೈಪ್ ಬದಲಿ ಮಾಡಸ್ತೀವಿ ಅಂದಾರಲ್ಲ."

"ನಿನಗ ನಮ್ಮ ಧಂದೆ ತಿಳಿಯೂದಿಲ್ಲ. ಅಲ್ಲೊಂದು ದೊಡ್ಡ ದೇವರ ಫೋಟೋ ಹಾಕಿದ್ರ ಮುಗೀತು. ದೇವರನ್ನ ಸರಿಸಿ ಯಾರೂ ಗೋಡಿ ನೋಡೂದಿಲ್ಲ."

ಶನಿವಾರ ಮನೆ ನೋಡಲು ಬಂದವರು ಬೆಳಗಾವಿ ಕಡೆಯ ವಿಕ್ರಮ ಮತ್ತು ಅವನ ಹೆಂಡತಿ ಸಾಯಲಿ. ಹಸಿ ಗೋಡೆ ಮುಚ್ಚಿ ತೂಗುಹಾಕಿದ್ದ ವೆಂಕಟರಮಣನ ಫೋಟೋಕ್ಕೆ ಕೈಮುಗಿದು ಮುಂದೆ ನಡೆದರು. ಋಷಿಕೇಶ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡ. ಅವನ ಲೆಕ್ಕದಲ್ಲಿ ತಾಯಿ ಇರಲಿಲ್ಲ.

"ಮೊದಲನೇ ಸಲ ಮನಿಗೆ ಬಂದ ಮುತ್ತೈದಿ, ಹಂಗ ಕಳಸಬಾರದು," ಎನ್ನುತ್ತ ಗಂಗೂಬಾಯಿ ಅಕ್ಕಿ, ಕೊಬ್ಬರಿ, ಕುಬಸದ ಕಣ ಹಿಡಿದು ಬಂದು ಸಾಯಲಿಗೆ ಉಡಿ ತುಂಬಿದರು. "ಈಗ ದೇವರ ಪಾದ ಮುಟ್ಟಿ ನಮಸ್ಕಾರ ಮಾಡವಾ."

"ಬ್ಯಾಡ, ಬ್ಯಾಡ, ದೂರದಿಂದನ ಮಾಡ್ರಿ," ಎಂದು ಋಷಿಕೇಶ ಓಡಿ ಬಂದ.

"ಯಾಕೋ, ದೇವರು ಶಾಕ್ ಹೊಡೀತಾನೇನು?" ಎಂದು ತಾಯಿ ಗದರಿದರು.

ಸಾಯಲಿ ಮುಟ್ಟಿದಳು. ಹಸಿ ಗೋಡೆಯ ಮೊಳೆ ಕಿತ್ತುಬಂತು! ಸಾಕ್ಷಾತ್ ಭಗವಂತ ಹಾರಸಮೇತ ಋಷಿಕೇಶನ ತೋಳಿಗೆ ಇಳಿದ. ಹಿಂದೆಯೇ ಗೋಡೆಯ ಗಿಲಾವು ಅವನ ತಲೆಗೆ ಇಳಿಯಿತು. ಎಂದೂ ಮಾತಿಗೆ ತಡವರಿಸದವನ ಬಾಯಲ್ಲಿ ಬರೀ ಸುಣ್ಣ.

ಮಂಜರಿ ಮುಂದೆ ಬಂದಳು. ಪೈಪಿನ ಕಥೆ ಹೇಳಿದಳು, ಮೇಲಿನ ಮನೆಯವರನ್ನು ಕರೆಸಿ ಅವರ ಬಾಯಿಂದಲೇ ಸೋಮವಾರದ ರಿಪೇರಿಯ ಮಾತು ಹೇಳಿಸಿದಳು. ಅಷ್ಟಕ್ಕೇ ನಿಲ್ಲಲಿಲ್ಲ. "ಅಡಿಗಿಮನಿ ಕಿಡಕಿನೂ ಸರಿಯಾಗಿ ಮುಚ್ಚೂದಿಲ್ಲ, ಬರ್ರಿ ತೋರಸ್ತೀನಿ," ಎಂದಳು. ಋಷಿಕೇಶ ದೇವರನ್ನು ತಬ್ಬಿಕೊಂಡೇ ಕಣ್ಣು ಮುಚ್ಚಿದ.

"ಭಾಳ ಮನಿ ನೋಡೀವ್ರಿ," ಎಂದ ವಿಕ್ರಮ. "ಕೆಟ್ಟಿದ್ದನ್ನ ಕರದು ತೋರಿಸಿದವರು ನೀವ ಮೊದಲು. ಪೈಪ್ ಆಗಲಿ, ಮನಿ ನಮಗ ಇರಲಿ."

ಅವರು ಹೋದ ಮೇಲೆ ಋಷಿಕೇಶ ದೇವರನ್ನು ಕೆಳಗಿಟ್ಟ. "ಮಂಜರಿ, ನಿನ್ನಿಂದ ನಮ್ಮವ್ವ ಅಂಗಳಕ್ಕ ಇಳೀತಾಳ. ಈ ಉಪಕಾರ ನಾ ಮರಿಯೂದಿಲ್ಲ," ಎಂದ.

"ಅದಿರಲಿ. ಆ ನೆಲಮಹಡಿ ಮನಿ ಸರಿಯಾಗಿ ನೋಡೀರೇನು?"

"ನೋಡೀನಿ. ಚೊಕ್ಕ ಅದ. ಹಾಲ್‌ನ್ಯಾಗ ಗೋಡಿ ತುಂಬ ಗಣಪತಿ ಫೋಟೋ ಅದ. ಕೈಮುಗದು ಬಂದೆ..."

ಅವನ ಕಣ್ಣು ಗಿಲಾವು ಉದುರಿದ ಗೋಡೆಯ ಕಡೆ ಹೊರಳಿತು. ಋಷಿಕೇಶ ಎದ್ದು ಚಪ್ಪಲಿ ಹಾಕಿಕೊಂಡ.

"ನಡಿ," ಎಂದ, "ನೀನೂ ಬಾ. ಅವ್ವನ ಉಡಿ ಸಾಮಾನೂ ತಗೋ. ಗಣಪತಿ ಪಾದ ಮುಟ್ಟಿ ನಮಸ್ಕಾರ ಮಾಡೂದದ."