ನಮ್ಮ ಮನೆಯ ಮೂರು ಪೌಂಡುಗಳು

ಮೂವತ್ತೆರಡು ವರ್ಷ ತಕ್ಕಡಿ ಹಿಡಿದು ಬದುಕಿದವನಿಗೆ ತೂಕದ ವಿಷಯದಲ್ಲಿ ಹೆಂಡತಿಯಿಂದ ಪಾಠ ಹೇಳಿಸಿಕೊಳ್ಳುವ ಗತಿ ಬರಬಾರದು. ನನಗೆ ಬಂತು. ಅದೂ ನಾನೇ ಮಾಡಿದ ಕೇಕಿನ ದೆಸೆಯಿಂದ.

ನನ್ನದು ಕಾಳುಕಡಿಯ ಅಂಗಡಿ. ಚೀಲವನ್ನು ಒಮ್ಮೆ ಎತ್ತಿ ಇಳಿಸಿದರೆ ಎಷ್ಟು ಕಿಲೋ ಎಂದು ಹೇಳಬಲ್ಲೆ. (ಮಾರುವಾಗ ಸ್ವಲ್ಪ ಹೆಚ್ಚು ಅನ್ನಿಸುತ್ತದೆ, ಕೊಳ್ಳುವಾಗ ಸ್ವಲ್ಪ ಕಡಿಮೆ. ಅದು ಕೈಯ ಗುಣ, ನನ್ನ ತಪ್ಪಲ್ಲ.) ಇಂಥವನ ಎದುರಿಗೆ ಶನಿವಾರ ನನ್ನಾಕೆ ಹಳದಿ ತಿರುಗಿದ ಚೀಟಿಯೊಂದನ್ನು ಹಿಡಿದು ನಿಂತಳು.

“ರೀ, ಒಂದು ಪೌಂಡ್ ಅಂದ್ರೆ ಎಷ್ಟು?”

ಚೀಟಿ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನದು. ಎರಡು ತಿಂಗಳಿಂದ ಆ ಹಿರಿಯ ಜೀವಕ್ಕೆ ಊಟವೇ ಬೇಡ. ದಿನಕ್ಕೆ ಅರ್ಧ ಲೋಟ ಹಾಲು, ಅದೂ ಗದರಿಸಿದರೆ. ಏನು ತಿನ್ನುತ್ತೀರಿ ಎಂದು ಕಿವಿಯಲ್ಲಿ ಕೂಗಿ ಕೇಳಿದ್ದಕ್ಕೆ, ಹಿಂದೆ ತಾವು ಮಾಡುತ್ತಿದ್ದ ಕೇಕು ಎಂದಿದ್ದರು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುವವರಿದ್ದರು. ಚೀಟಿಯಲ್ಲಿ ನಾಲ್ಕೇ ಸಾಲು: ಹಿಟ್ಟು ಒಂದು ಪೌಂಡ್, ಬೆಣ್ಣೆ ಒಂದು ಪೌಂಡ್, ಸಕ್ಕರೆ ಒಂದು ಪೌಂಡ್, ಮೊಟ್ಟೆ ಒಂದು ಪೌಂಡ್.

“ಅವರನ್ನೇ ಕೇಳಬಾರದಾ?”

“ಫೋನಲ್ಲಿ ಕೇಳ್ದೆ. ‘ಹೌದು ಕಣೇ, ಇಲ್ಲೂ ಸೆಕೆ’ ಅಂದ್ರು.”

“ಸರಿ, ನೀನು ಪಕ್ಕಕ್ಕೆ ನಿಲ್ಲು,” ಎಂದು ಅಂಗಿಯ ತೋಳು ಮಡಚಿದೆ. ಅಂಗಡಿಗೆ ಎಲೆಕ್ಟ್ರಾನಿಕ್ ಯಂತ್ರ ಬಂದ ಮೇಲೆ ಹಳೆಯ ತಕ್ಕಡಿ, ತೂಕದ ಕಲ್ಲುಗಳು ನಮ್ಮ ಅಡುಗೆಮನೆ ಸೇರಿದ್ದವು.

ಮೊದಲು ಹಿಟ್ಟು. ಪೌಂಡ್ ಎಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಎಂದು ಅರ್ಧ ಕಿಲೋ ತೂಗಿದೆ. ಮನೆಯ ಗಿರಾಕಿ ಎಂದು ಮೇಲೊಂದು ಹಿಡಿ ಹಾಕಿದೆ. ಆಮೇಲೆ ಬೆಣ್ಣೆ. ಬೆಣ್ಣೆಯ ಬೆಲೆ ನೆನಪಾದದ್ದೇ ತಡ, ಇನ್ನೊಂದು ಸಂಗತಿಯೂ ನೆನಪಾಯಿತು: ಬೀದಿ ಕೊನೆಯ ಬೇಕರಿಯವನ ‘ಒಂದು ಪೌಂಡ್ ಬ್ರೆಡ್ಡು’ ತೂಗಿದರೆ ನಾನೂರೇ ಗ್ರಾಂ! ಬೆಣ್ಣೆಗೆ ಆ ಪೌಂಡೇ ಸಾಕು.

“ಈಗ ತಾನೇ ಐನೂರು ಅಂದ್ರಿ?”

“ಅದು ಹಿಟ್ಟಿನ ಪೌಂಡು ಕಣೇ.”

ಸಕ್ಕರೆಯ ಸರದಿ ಬರುವಷ್ಟರಲ್ಲಿ, ನಮ್ಮ ಗಿರಾಕಿಯಾದ ಶಾಲೆಯ ಮೇಷ್ಟ್ರು ಫೋನಿನಲ್ಲಿ ಸಿಕ್ಕಿ, ಪೌಂಡ್ ಎಂದರೆ ಸುಮಾರು ನಾನೂರ ಐವತ್ತನಾಲ್ಕು ಗ್ರಾಂ ಎಂದು ತೀರ್ಪು ಕೊಟ್ಟರು. ನಾನೂರ ಐವತ್ತಕ್ಕೆ ಜೋಡಿಸಿದ ಕಲ್ಲುಗಳ ಜೊತೆಗೆ ಕೊನೆಯ ನಾಲ್ಕು ಗ್ರಾಮಿಗೆಂದು ನನ್ನ ಕೋಟಿನ ಗುಂಡಿಯನ್ನೇ ಕಿತ್ತಿಟ್ಟೆ. ನ್ಯಾಯ ಅಂದರೆ ನ್ಯಾಯ.

“ಮೊಟ್ಟೆ?” ಎಂದಳು.

“ಮೊಟ್ಟೆ ಎಣಿಸೋ ಮಾಲು, ತೂಗೋ ಮಾಲಲ್ಲ. ಐದು ಹಾಕು.”

ಎಲ್ಲ ಕಲಸಿ ಓವನ್ನಿಗಿಟ್ಟು ಒಂದು ಗಂಟೆಯಾದರೂ ನಡುವೆ ಹಸಿ ಇದೆ ಎಂದು ಇನ್ನೊಂದು ಗಂಟೆ ಬೇಯಿಸಿದೆ. ಹೊರಗೆ ಬಂದ ಮಹಾವಸ್ತುವನ್ನು ಮೇಜಿನ ಮೇಲೆ ಇಟ್ಟಾಗ ಲೋಟಗಳು ಅಲುಗಾಡಿದವು. ಚಾಕು ಬಾಗಿತು. ಕೊನೆಗೆ ಸುತ್ತಿಗೆಯಿಂದ ಒಂದು ಮೂಲೆ ಒಡೆದೆ.

ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡು, “ಅವ್ರು ಬಾಯ್ಬಿಟ್ಟು ಕೇಳಿದ್ದು ಇದೊಂದೇ ಕಣ್ರೀ,” ಎಂದಳು.

ತಪ್ಪಿತಸ್ಥನಿಗೆ ಸಿಟ್ಟು ಬೇಗ ಬರುತ್ತದೆ. “ಹಾಗಾದ್ರೆ ನೀನೇ ತೂಗ್ಕೋ ಹೋಗು!” ಎಂದು, ಮಾರನೆಯ ಬೆಳಿಗ್ಗೆ ತೂಕದ ಕಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೊರಟೆ. ಕಲ್ಲಿಲ್ಲದೆ ಹೇಗೆ ತೂಗುತ್ತಾಳೋ ನೋಡೋಣ!

ಮಧ್ಯಾಹ್ನ ಮೆಟ್ಟಿಲು ಹತ್ತುವಾಗಲೇ ಘಮಘಮ ಪರಿಮಳ. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಕೇಕು ತಿನ್ನುತ್ತಿದ್ದರು. ಮೂರನೆಯ ತುಂಡಂತೆ. ಪಕ್ಕದಲ್ಲಿ ನನ್ನಾಕೆ ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದ್ದಳು.

“ಪೌಂಡ್ ಎಷ್ಟು ಅಂತ ಯಾರು ಹೇಳಿದ್ರು?” ಎಂದು ಪಿಸುಗುಟ್ಟಿದೆ.

“ಯಾರಿಗೆ ಬೇಕ್ರೀ? ಚೀಟೀಲಿ ನಾಲ್ಕೂ ಒಂದೊಂದು ಪೌಂಡೇ ಅಲ್ವಾ? ಪೌಂಡು ಎಷ್ಟಾದ್ರೂ ಇರ್ಲಿ, ನಾಲ್ಕೂ ಸಮ ಇದ್ರಾಯ್ತು. ಒಂದೇ ಕಲ್ಲಿಟ್ಟು ನಾಲ್ಕನ್ನೂ ತೂಗ್ದೆ. ಮೊಟ್ಟೇನೂ.”

“ಕಲ್ಲೆಲ್ಲ ನನ್ನ ಹತ್ರ ಇತ್ತಲ್ಲ!”

ಅವಳು ತಕ್ಕಡಿಯ ಕಡೆ ಕಣ್ಣು ಹೊರಳಿಸಿದಳು. ಒಂದು ತಟ್ಟೆಯಲ್ಲಿ, ನಾನು ಸುತ್ತಿಗೆಯಿಂದ ಒಡೆದಿದ್ದ ಕೇಕಿನ ಮೂಲೆ ಗಂಭೀರವಾಗಿ ಕೂತಿತ್ತು.

ಚಿಕ್ಕಮ್ಮನಿಗೆ ಕಿವಿ ಮಂದವಾದರೂ ಕಣ್ಣು ಚುರುಕು; ತಕ್ಕಡಿ ನೋಡಿಯೇ ವಿಷಯ ಹಿಡಿದರು. “ನಮ್ಮನೇಲಿ ಪೌಂಡು ಎಲ್ಲಿತ್ತಪ್ಪಾ! ಹಿತ್ತಲ ಬಾಗ್ಲಿಗೆ ಒತ್ತು ಕೊಡ್ತಿದ್ದ ಕಲ್ಲನ್ನೇ ಪೌಂಡು ಅಂತಿದ್ವಿ,” ಎಂದು ನಗುತ್ತಾ ಆ ಮೂಲೆಯನ್ನು ಕೈಗೆತ್ತಿಕೊಂಡು ಬೆರಳಿನಿಂದ ಬಡಿದು ನೋಡಿದರು. “ಇದು ಅದಕ್ಕಿಂತ ಗಟ್ಟಿ. ಎಲ್ಲಿ ಸಿಕ್ತೇ?”

“ನಮ್ಮನೆಯವ್ರೇ ಮಾಡಿದ್ದು, ಚಿಕ್ಕಮ್ಮಾ!” ನನ್ನಾಕೆ ಪಕ್ಕದ ಮನೆಗೂ ಕೇಳುವಂತೆ ಕೂಗಿದಳು.

ಚಿಕ್ಕಮ್ಮ ನನ್ನ ತಲೆ ಸವರಿದರು. “ಭೇಷ್, ಅಳಿಯಂದ್ರೇ! ನಿಮ್ಮ ತೂಕದಲ್ಲಿ ಮೋಸ ಇಲ್ಲ.”

ಮೂವತ್ತೆರಡು ವರ್ಷಗಳಲ್ಲಿ ಈ ಮಾತನ್ನು ನನಗೆ ಹೇಳಿದವರು ಅವರೊಬ್ಬರೇ.